ಹದಿನೇಳು ಸೆಕೆಂಡು

ಕೊಯಿಪ್ಪಾಡಿ ಕಡಪ್ಪುರದ ಸೊಸೈಟಿಯಲ್ಲಿ
ಬೆಳಿಗ್ಗೆ ಐದೂಮುಕ್ಕಾಲಕ್ಕೆ
ಐಸಿನ ದರದ ಕೆಳಗೆ, ಬಂಗುಡೆ ದರದ ಮೇಲೆ
ಕರಿಹಲಗೆಯಲ್ಲಿ ನಾನು ಕಡಲು ಬರೆಯುತ್ತೇನೆ.
ಎತ್ತರ ಇಷ್ಟು. ದಿಕ್ಕು ಇಂಥದು. ಗಾಳಿ ಇಷ್ಟು.
ಮೊಬೈಲಿಗೆ ಬಂದದ್ದನ್ನು ಕನ್ನಡಕ್ಕಿಳಿಸಿ
ಪಕ್ಕಕ್ಕೆ ಮಲಯಾಳದಲ್ಲೂ ಒಂದು ಸಾಲು.
ತುಳುವನ್ನು ಓದುವವರೇ ಸೇರಿಸಿಕೊಳ್ಳುತ್ತಾರೆ,
ಹೆಚ್ಚಾಗಿ ಬೈಗುಳ.

ಸಂಬಳ ಲೆಕ್ಕ ಬರೆಯುವುದಕ್ಕೆ.
ಕಡಲು ಬಿಟ್ಟಿ.

ಅಲೆ ಸಣ್ಣದೆಂದರೆ ನಗುವವರು
ಸೇಸಪ್ಪಣ್ಣ, ಲೋಕಯ್ಯ, ದೋಣಿಯವರು.
ಅಲೆ ಸಣ್ಣದೆಂದರೆ ಮುಖ ಬಾಡುವವರು
ಶಮ್ಮಾಸ್, ಅವನ ಇಬ್ಬರು ದೋಸ್ತಿಗಳು.
ಮೂವರಿಗೂ ಸೇರಿ ಒಂದೇ ಸವಾರಿ ಹಲಗೆ,
ಅದರ ಮುರಿದ ಮೂಗಿಗೆ
ದೋಣಿಗೆ ಮೆತ್ತುವ ಫೈಬರಿನದೇ ತೇಪೆ.
“ಅಕ್ಕಾ, ನಿಮ್ಮ ಹಲಗೆಯಲ್ಲಿ ಅಲೆ ಇದ್ದರೆ
ನಮ್ಮ ಹಲಗೆಗೆ ಕೆಲಸ.”

ಅವರ ಜಾಗ ಎರ್ಮೆಪಾದೆ.
ಇಳಿತಕ್ಕೆ ಬೆನ್ನು ತೋರಿಸಿ
ಭರತಕ್ಕೆ ಮೂಗಿನವರೆಗೂ ಮುಳುಗಿ
ಮೆಲುಕು ಹಾಕುತ್ತ ಮಲಗಿರುವ ಕಲ್ಲು.
ಮರಳಿನ ಮೇಲೆ ಅಲೆ ಕಂಡಲ್ಲಿ ಕುಸಿದು ಕೂತುಬಿಡುತ್ತದೆ.
ಪಾದೆಯಲ್ಲಿ ಹಾಗಲ್ಲ:
ದಿನವೂ ಅದೇ ಕಡೆ ಏಳಬೇಕು,
ಒಂದು ತುದಿಯಿಂದ ಚಾಪೆ ಸುತ್ತಿದಂತೆ
ಸುತ್ತಿಕೊಳ್ಳುತ್ತ ಹೋಗಬೇಕು.
ಆ ಸುರುಳಿಯೊಳಗೆ ಶಮ್ಮಾಸ್ ನಿಂತಿರುತ್ತಾನೆ.
ಸೇಸಪ್ಪಣ್ಣನ ಬಾಯಲ್ಲಿ ಆ ಕಲ್ಲಿಗೆ ಬೇರೆ ಹೆಸರು,
ಬರೆಯುವಂಥದ್ದಲ್ಲ;
ಅವರ ನಾಲ್ಕು ಬಲೆ ತಿಂದಿದೆ ಅದು.

ಮೇ ತಿಂಗಳ ಮೊದಲ ಶನಿವಾರ.
ಗಾಳಿ ಇಲ್ಲ. ದಿಕ್ಕು ತೆಂಕು, ಸ್ವಲ್ಪ ಪಡುವಣಕ್ಕೆ.
ಎತ್ತರ ಸೊನ್ನೆ ಪಾಯಿಂಟ್ ಒಂಬತ್ತು.
ಅವಧಿ ಹದಿನೇಳು ಸೆಕೆಂಡು.
ಅವಧಿಗೆ ಹಲಗೆಯಲ್ಲಿ ಜಾಗ ಉಳಿದಿರಲಿಲ್ಲ,
ಐಸಿನ ದರ ಅಂದು ಎರಡು ಸಾಲು ಹಿಡಿದಿತ್ತು.
ಸೊನ್ನೆ ಪಾಯಿಂಟ್ ಒಂಬತ್ತೆಂದು ಬರೆದು
ಚಾಕಿನ ಕೈ ಕೊಡವಿದೆ.
ಸೇಸಪ್ಪಣ್ಣ ನಕ್ಕರು.
ಶಮ್ಮಾಸ್ ತುಟಿ ಉಬ್ಬಿಸಿದ. ಆದರೂ ಹೋದ.

ಹತ್ತು ಗಂಟೆ, ತಳ ಇಳಿತ.
ಕಡಲು ಎಣ್ಣೆ ಸವರಿದ ಕಾವಲಿ.
ಬಾನಂಚಿನಲ್ಲಿ ಒಂದು ಗೆರೆ,
ಯಾರೋ ಸ್ಕೇಲಿಟ್ಟು ಎಳೆದ ಹಾಗೆ.
ನಮ್ಮ ಯಾರ ಕಣ್ಣಿಗೂ ಬೀಳದ ಒಂದು ಬಿರುಗಾಳಿ
ಭೂಮಿಯ ತೆಂಕುತುದಿಯ ಹಿಮದ ನೀರಿನಲ್ಲಿ
ಮಂಗಳವಾರವೇ ಬೀಸಿ, ದಣಿದು, ಸತ್ತಿತ್ತು.
ಅದು ತಳ್ಳಿದ ನೀರು ಮಾತ್ರ
ನಾಲ್ಕು ದಿನ ನಡೆದು ಬಂದು
ನಮ್ಮ ಕಲ್ಲಿಗೆ ಕಾಲೆಡವಿತು.
ಸೊಂಟದೆತ್ತರ ಬಂದದ್ದು
ಸೊಸೈಟಿಯ ಬಾಗಿಲೆತ್ತರ ಎದ್ದಿತು.

ಅರ್ಧ ಹಲಗೆ ದಡಕ್ಕೆ ಬಂತು.

ದೋಣಿ ಎಲ್ಲಿಂದ ತಿರುಗಿತೋ ನಾನು ಕಾಣಲಿಲ್ಲ.
ಕಂಡದ್ದು: ಪಾದೆಯ ಹೊರಗೆ ಎಂಜಿನ್ ತಗ್ಗಿಸಿ
ಸೇಸಪ್ಪಣ್ಣ ಸುಮ್ಮನೆ ಕಾಯುತ್ತಿದ್ದದ್ದು.
ದಡದಲ್ಲಿ ಹುಡುಗರು ಬೊಬ್ಬೆ ಹೊಡೆಯುತ್ತಿದ್ದಾರೆ,
ಅವರ ತುಟಿ ಅಲ್ಲಾಡುತ್ತಿದೆ.
ದೇವರ ಹೆಸರಲ್ಲ.
ಒಂಜಿ, ರಡ್ಡ್, ಮೂಜಿ...
ಒಂದು ಅಲೆಯ ಬೆನ್ನಿಗೂ ಇನ್ನೊಂದರ ಮೂತಿಗೂ ನಡುವೆ
ಎಷ್ಟು ಉಸಿರು ಸಿಗುತ್ತದೆಂಬ ಲೆಕ್ಕ.
ಅವಧಿ ಎಂಬ ಪದ ಅವರಿಗೆ ಬೇಕಿರಲಿಲ್ಲ.
ಎಣಿಕೆ ಮುಗಿದದ್ದೇ ನುಗ್ಗಿದರು,
ಕಾಲಿನ ಹಗ್ಗ ಹಿಡಿದು ಹುಡುಗನನ್ನು ಎಳೆದುಕೊಂಡು
ಹೊರಬಿದ್ದರು. ಎಂಜಿನ್ನಿನ ರೆಕ್ಕೆ ಕಲ್ಲಿಗೆ ಹೋಯಿತು.

ಕಳ್ಳಕ್ಕಡಲ್, ಎಂದರು ಎಲ್ಲರೂ.
ಕಳ್ಳನಂತೆ ಬಂತು ನೋಡು ಎಂದರು.
ನಾನು ಐಸಿನ ರಸೀದಿ ಜೋಡಿಸುತ್ತಿದ್ದೆ.
ಕಳ್ಳನೇನಲ್ಲ.
ಬರುತ್ತೇನೆಂದು ಹೇಳಿಯೇ ಬಂದದ್ದು.

ಶಮ್ಮಾಸನ ಬೆನ್ನಿಗೆ ಇಪ್ಪತ್ತಮೂರು ಹೊಲಿಗೆ.
ಎಂಜಿನ್ನಿನ ಪರಿಹಾರಕ್ಕೆ ಅರ್ಜಿ ತುಂಬಿದವಳು ನಾನೇ.
‘ನಷ್ಟಕ್ಕೆ ಕಾರಣ’ ಎಂಬಲ್ಲಿ
ಹದಿನೇಳು ಸೆಕೆಂಡು ಎಂದು ಬರೆದೆ.
ಕಾಸರಗೋಡಿನಿಂದ ವಾಪಸು ಬಂದಿದೆ,
ಅದರ ಸುತ್ತ ಕೆಂಪು ವೃತ್ತ:
ಸ್ಪಷ್ಟಪಡಿಸಿ.

ಐಸಿನ ದರ ಈಗ ಗೋಡೆಗೆ ಹೋಗಿದೆ.
ಇವತ್ತು ಒಂದು ಪಾಯಿಂಟ್ ಒಂದು, ಅವಧಿ ಎಂಟು,
ಗಾಳಿ ಬಡಗಿನಿಂದ.
ಸೇಸಪ್ಪಣ್ಣ ಹಲಗೆ ನೋಡಿದರು,
ಆಮೇಲೆ ಹೊರಗೆ ಹೋಗಿ
ಬೀಡಿ ಹಚ್ಚದೆ, ನೀರಿಗೆ ಮುಖ ಮಾಡಿ
ತಾವೇ ಒಮ್ಮೆ ಎಣಿಸಿದರು.