ಕೊಸರು

ಗಂಗೋತ್ರಿಯಲ್ಲಿ ರಾತ್ರಿ ಪಾಳಿ ಮುಗಿದಾಗ ಐದೂ ಕಾಲು.
ಪರದೆಯ ಮೇಲೆ ಇಡೀ ಇರುಳು ಯಾವುದೋ ದೇಶದ ಬೆಟ್ಟದ ಹೊಟ್ಟೆ,
ಅದರೊಳಗೆ ಕತ್ತಲ ನೀರಿನ ಹಂಡೆ.
ನೀರು ಮಿಣುಕಿದರೆ ಮಾತ್ರ ನನಗೆ ಕೆಲಸ.
ಮಿಣುಕಲಿಲ್ಲ. ‘ಏನೂ ಇಲ್ಲ’ ಎಂದು ಬರೆದು, ಸಹಿ ಹಾಕಿ,
ಸ್ಕೂಟರಿಗೆ ಕಿಕ್ ಹೊಡೆದೆ.

ಮಾರ್ಕೆಟ್ಟಿನ ಹಿಂಬಾಗಿಲಲ್ಲಿ ಪಾಲಹಳ್ಳಿಯ ಚಿಕ್ಕತಾಯಮ್ಮ
ಬಾಳೆನಾರು ನೆನೆಸಿಕೊಂಡು ಕೂತಿದ್ದಾಳೆ.
ಬಲಗೈ ಮೊಣಕೈಯಲ್ಲಿ ಸೊಟ್ಟ,
ಬಸ್ಸಿನ ಮೆಟ್ಟಿಲಿಂದ ಬಿದ್ದು ನಾಟಿ ಕಟ್ಟು ಕಟ್ಟಿಸಿದ್ದು.
ಆ ಕೈಯ ಮೊಳಕ್ಕೂ ಈ ಕೈಯ ಮೊಳಕ್ಕೂ
ಮೂರು ಹೂವಿನ ವ್ಯತ್ಯಾಸ.
‘ಎಡಗೈಲಿ ಅಳಿಯಮ್ಮ’ ಅಂದರೆ
‘ದೇವ್ರ ಹೂವ ಎಡಗೈಲಾ? ಬುಡ್ತು ಅನ್ನಿ’ ಅನ್ನುತ್ತಾಳೆ,
ಸೊಟ್ಟಗೈಯಲ್ಲೇ ಅಳೆದು, ಹರಿಯುವ ಮುನ್ನ
ನಾಲ್ಕು ಹೂ ಹೆಚ್ಚಿಗೆ ಬಿಡುತ್ತಾಳೆ.
ಮೂರಕ್ಕೆ ನಾಲ್ಕು. ನಾನು ಎಣಿಸಿದ್ದೇನೆ,
ಎಣಿಸುವುದಕ್ಕೇ ತಾನೆ ನನಗೆ ಸಂಬಳ.

‘ರಾತ್ರಿಯೆಲ್ಲ ಏನವ್ವ ನೋಡ್ತೀಯ?’

ಮೊದಲಿಗೆ ಎಲ್ಲ ಸರಿಸಮ ಇತ್ತಮ್ಮ,
ಇರುವುದು ಎಷ್ಟೋ ಅದರ ಎದುರಾಳಿಯೂ ಅಷ್ಟೇ.
ಮುಟ್ಟಿದರೆ ಎರಡೂ ಇಲ್ಲ, ಬರೀ ಬೆಳಕು.
ಹಾಗಿದ್ದರೆ ಈ ಬುಟ್ಟಿ, ಈ ನಾರು, ನಿನ್ನ ಮೊಣಕೈ
ಯಾವ ಬಾಬ್ತಿನಲ್ಲಿ ಉಳಿದವು?
ನೂರು ಕೋಟಿಗೆ ಒಂದು ಹೆಚ್ಚಿಗೆ ಬಿತ್ತು.
ಯಾರೂ ಕೇಳಿರಲಿಲ್ಲ, ಕೇಳುವವರೂ ಇರಲಿಲ್ಲ.

ನ್ಯೂಟ್ರಿನೊ ಅಂತ ಒಂದಿದೆ.
ನಿನ್ನ ಹೆಬ್ಬೆರಳ ಉಗುರು ತೂರಿ ಸೆಕೆಂಡಿಗೆ ಆರು ಸಾವಿರ ಕೋಟಿ
ಈಗಲೂ ಹೋಗುತ್ತಿವೆ, ಬೆಲೆ ಕೂಡ ಕೇಳದೆ.
ಮಲ್ಲಿಗೆಯಾಗಿ ಬಸ್ಸು ಹತ್ತಿದ್ದು
ಕಳಸ್ತವಾಡಿ ದಾಟುವಾಗ ಕಾಕಡವೋ ಕನಕಾಂಬರವೋ,
ಬುಟ್ಟಿ ಬಿಚ್ಚುವ ತನಕ ಮೂರೂ.
ಇದು ಬಲಗೈ ಅಂದುಕೋ. ಇದಕ್ಕೊಂದು ಎಡಗೈ ಇದೆ.
ಎರಡೂ ಒಂದೇ ಅಳತೆಗೆ ಬಣ್ಣ ಬದಲಾಯಿಸುತ್ತವೋ,
ಹೆಚ್ಚುಕಮ್ಮಿಯೋ?
ಹೆಚ್ಚುಕಮ್ಮಿಯಾದರೆ ಬಹುಶಃ ಅಲ್ಲೇ ಇರಬಹುದು
ಆ ಒಂದರ ಗುಟ್ಟು.

‘ಅಳೆದ್ರಾ?’

ಅಳೀತಾ ಇದ್ದೀವಿ.
ಇಷ್ಟು ವರ್ಷಕ್ಕೆ ಸಿಕ್ಕ ಮಿಣುಕು ಒಂದು ಮಾರು ಹೂವಿಗೂ ಸಾಲದು.

ಅವಳು ಆಚೀಚೆ ನೋಡಿದಳು.
ಗೋಣಿಯ ಮರೆಯಲ್ಲಿ ಎಡಗೈಗೊಂದು ಮೊಳ, ಬಲಗೈಗೊಂದು,
ಪಕ್ಕಪಕ್ಕ ಇಟ್ಟಳು. ಇಬ್ಬರೂ ಬಗ್ಗಿ ಎಣಿಸಿದೆವು.
ಎರಡೇ ಹೂವಿನ ವ್ಯತ್ಯಾಸ.
ಮತ್ತೆ ಎಣಿಸಿದೆವು. ಎರಡೇ.

‘ಇವತ್ತು ಮೊಗ್ಗು ದಪ್ಪ’ ಅಂದಳು,
‘ನಾಳೀಕ್ ಬಾ, ನೋಡನ.’

ನಲವತ್ತು ಕೊಟ್ಟೆ. ಹೆಲ್ಮೆಟ್ಟಿನಡಿ ಮುಡಿಯಲಾಗದೆ
ಹ್ಯಾಂಡಲಿಗೆ ಸುತ್ತಿಕೊಂಡು ಹೊರಟೆ.
ಅಗ್ರಹಾರ ಸರ್ಕಲ್ಲಿನಲ್ಲಿ ನೆನಪಾಯಿತು,
ಮಾತಿನ ಭರದಲ್ಲಿ ಕೊಸರು ಬಿಡುವುದನ್ನೇ ಮರೆತಿದ್ದಳು.