ನಾಲ್ಕನೇ ಬೋಲ್ಟು

ಮೊದಲು ಕೇಳಿಸಿದ್ದು ಗುತ್ತಿ ಏರಿನಲ್ಲಿ,
ಲಿವರ್ ಎಳೆದು ಮುಂದಿನ ಗಾಲಿಗೂ ಕೆಲಸ ಕೊಟ್ಟ ಗಳಿಗೆ:
ಟಕ್.
ಆಮೇಲೆ ಸುಮ್ಮನೆ. ಆಕ್ಸಿಲರೇಟರಿಂದ ಕಾಲು ತೆಗೆದರೆ ಮತ್ತೆ
ಟಕ್. ಯಾರೋ ಅಡಿಯಿಂದ
ಬೆರಳ ಗೆಣ್ಣಲ್ಲಿ ಬಾಗಿಲು ತಟ್ಟಿದ ಹಾಗೆ.

ಜೀಪಿನಲ್ಲಿ ಹನ್ನೊಂದು ಜನ, ಹನ್ನೊಂದು ವೈದ್ಯರು.
ಅಂಚೆಯ ಚೆಲುವಯ್ಯ ಅಂದ: ಗೇರ್‌ಬಾಕ್ಸು, ಹೋಯ್ತು ಬಿಡು.
ಶಾಲೆಯ ಮೇಡಂ: ಸ್ಪ್ರಿಂಗ್ ಪಟ್ಟಿ ಇರಬೇಕು.
ದೇವೀರಮ್ಮ ಮಡಿಲ ಕೋಳಿಯನ್ನು ಒತ್ತಿ ಹಿಡಿದು
'ನಮ್ಮ ಬಾವಿ ರಾಟೆಯೂ ಹೀಗೇ ಅಂತಿತ್ತು,
ಒಂದಿನ ಹಗ್ಗ ಸಮೇತ ಒಳಗೆ' ಅಂದಳು.
ಯಾರೂ ನಗಲಿಲ್ಲ. ಎಡಕ್ಕೆ ಕಣಿವೆ ಇತ್ತು.

ನಾನು ಪಾಸ್ಕಲ್, ಇಪ್ಪತ್ತೆರಡು ವರ್ಷದ ಡ್ರೈವರು,
ರೇಡಿಯೋ ಜೋರು ಮಾಡಿದೆ.

ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ಹತ್ತಿರ ಹಸನಬ್ಬನ ಶೆಡ್ಡು.
ಮೂವತ್ತು ವರ್ಷ ಡೀಸೆಲ್ ಇಂಜಿನ್ನುಗಳ ಪಕ್ಕ ನಿಂತು
ಅವನ ಕಿವಿ ಎರಡೂ ಮುಚ್ಚಿಹೋಗಿವೆ.
ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿದೆ,
ಟಕ್, ಟಟಕ್. ತುಟಿ ನೋಡಿ ನಕ್ಕ:
'ನಿನ್ನ ಬಾಯಿ ರಿಪೇರಿ ನಂಗೆ ಬರಲ್ಲ ಪಾಸ್ಕಲಾ.
ಗಾಲಿಗೆ ಕಲ್ಲು ಕೊಡು. ನ್ಯೂಟ್ರಲ್ ಮಾಡು. ಇಳಿ.'

ಗೋಣಿ ಹಾಸಿ ಅಡಿಗೆ ಜಾರಿದ.
ಹೊರಗೆ ಉಳಿದದ್ದು ಎರಡು ಹಿಮ್ಮಡಿ,
ಬಿರುಕಿನ ತುಂಬ ಗ್ರೀಸು.
ನಾನೂ ಪಕ್ಕಕ್ಕೆ ಮಲಗಿದೆ.

ಮುಂದಿನ ಶಾಫ್ಟನ್ನು ಎರಡು ಕೈಯಲ್ಲಿ ಹಿಡಿದು
ಅತ್ತ ತಿರುವಿದ, ಇತ್ತ ತಿರುವಿದ,
ಒಳಗೆ ಕರುವಿನ ಕಾಲು ಹುಡುಕುವ
ದನದ ಡಾಕ್ಟರಂತೆ ಕಣ್ಣು ಮುಚ್ಚಿ.
'ಕ್ರಾಸು ಗಟ್ಟಿ. ಬೇರಿಂಗ್ ಸೂಜಿ ಒಂದೂ ಬಿದ್ದಿಲ್ಲ.
ಹಲ್ಲು ಸ್ವಲ್ಪ ಸವೆದಿದೆ, ಅದು ವಯಸ್ಸು, ಕಾಯಿಲೆಯಲ್ಲ.'
ಆಮೇಲೆ ಕೈ ಮುಂದೆ ಹೋಯಿತು, ಡಿಫರೆನ್ಶಿಯಲ್ ಮೂತಿಗೆ,
ಎರಡು ಫ್ಲ್ಯಾಂಜು ಕೂಡುವಲ್ಲಿಗೆ. ನಿಂತಿತು.
ನನ್ನ ಕೈ ಎಳೆದು ಅಲ್ಲಿಟ್ಟು ಶಾಫ್ಟು ಅಲ್ಲಾಡಿಸಿದ.
ಟಕ್. ಈ ಸಲ ಬೆರಳಲ್ಲಿ.

ನಾಲ್ಕು ಬೋಲ್ಟು ಇರಬೇಕಾದಲ್ಲಿ ಮೂರು.
ಅದರಲ್ಲಿ ಎರಡರ ನಟ್ಟು ಉಪ್ಪಿನಕಾಯಿ ಬಾಟಲಿ ಮುಚ್ಚಳದ ಹಾಗೆ
ಕೈಯಲ್ಲೇ ತಿರುಗಿದವು.
ಖಾಲಿ ತೂತು ದುಂಡಗಿರಲಿಲ್ಲ, ಸವೆದು ಸವೆದು
ಹಲಸಿನ ಬೀಜದ ಆಕಾರ.

'ಕೊನೇಗೆ ಬಿಚ್ಚಿದ್ದು ಯಾರು?'

ತುಟಿ ಅಲ್ಲಾಡಿಸದೆ ಹೇಳಿದೆ: ನಾನೇ.
ಮಳೆಗಾಲ ಮುಗಿದ ಮೇಲೆ ಆಯಿಲ್ ಸೀಲ್ ಬದಲಿಸಿದ್ದೆ.
ಲಾಕ್ ವಾಷರುಗಳು ಹುಲ್ಲಿಗೆ ಉರುಳಿದ್ದವು.
ಕತ್ತಲಾಗಿತ್ತು. ಇಷ್ಟು ಸಾಕು ಅನ್ನಿಸಿತ್ತು.
ಕಿವುಡನಿಗೆ ಅದೂ ಕೇಳಿಸಿತು.

ಬೈಯಲಿಲ್ಲ. ಬಿಚ್ಚುವ ಮುಂಚೆ
ಮೊಳೆಯಿಂದ ಎರಡೂ ಕಡೆ ಗೀರಿದ:
'ಹೇಗಿತ್ತೋ ಹಾಗೇ ಕೂರಬೇಕು. ತಪ್ಪಿ ಕೂತರೆ
ಹೊಸ ನಡುಕ ಹುಟ್ಟತ್ತೆ, ಅದನ್ನ ಹಿಡಿಯೋಕೆ ವರ್ಷ ಬೇಕು.'
ತೂತನ್ನು ದುಂಡಗೆ ಕೊರೆದು, ಒಂದು ನಂಬರ್ ದಪ್ಪದ
ಬೋಲ್ಟು ಕೂರಿಸಿದ. ನಾಲ್ಕಕ್ಕೂ ಹೊಸ ವಾಷರು.
ಎದುರು ಬದುರು ಬಿಗಿದ, ಅರ್ಧರ್ಧ ಸುತ್ತು,
ಯಾವ ಒಂದನ್ನೂ ಒಂದೇ ಸಲ ಪೂರ್ತಿ ನಂಬದೆ.
ಕೊನೆಗೆ ಅರಿಸಿನದ ಬಣ್ಣದ ಪೇಂಟಲ್ಲಿ
ನಟ್ಟಿನಿಂದ ಫ್ಲ್ಯಾಂಜಿಗೆ ಸಣ್ಣ ಗೆರೆ:
'ಗೆರೆ ಮುರಿದಿದ್ರೆ ನಟ್ಟು ತಿರುಗಿದೆ ಅಂತ.
ನೂರು ಕಿಲೋಮೀಟರ್ ಆದ ಮೇಲೆ ಮಲಗಿ ನೋಡು.
ಕತ್ತಲಾದ್ರೆ ಬ್ಯಾಟರಿ ಹಿಡಿದು ನೋಡು.'

ಇವತ್ತು ಗುತ್ತಿ ಏರಿನಲ್ಲಿ ಲಿವರ್ ಎಳೆದೆ.
ಏನಿಲ್ಲ.
ಹನ್ನೊಂದು ಜನ ಕಿವಿಗೊಟ್ಟು ಕೂತಿದ್ದರು,
ಸ್ವಲ್ಪ ನಿರಾಸೆಯೇ ಆಯಿತು ಅವರಿಗೆ.
ಅಷ್ಟರಲ್ಲಿ ಹಿಂದೆಲ್ಲೋ, ಇಷ್ಟು ದಿನ
ಆ ಟಕ್ಕಿನ ಮರೆಯಲ್ಲಿ ಅಡಗಿದ್ದದ್ದು
ಕಿರ್ ಕಿರ್ ಅಂದಿತು.

'ಸೈಲೆನ್ಸರು' ಅಂದ ಚೆಲುವಯ್ಯ.
'ಬಾಗಿಲು' ಅಂದರು ಮೇಡಂ.
ದೇವೀರಮ್ಮ ತನ್ನ ಕೋಳಿಯ ಮುಖ ನೋಡಿದಳು.