ಗ್ಯಾಪ್ ಸರ್ಟಿಫಿಕೇಟು

ಕುಷ್ಟಗಿ ಕೋರ್ಟಿನ ಕಂಪೌಂಡಿಗೆ ಹತ್ತಿ
ತಗಡಿನ ನೆರಳಾಗ ಟೈಪ್ ಮಾಡೋ ಫಕೀರಪ್ಪ
ಕನ್ನಡಕ ಹಣಿಮ್ಯಾಲ ಏರಿಸಿ ಕೇಳಿದ:
‘ಒಂದು ವರ್ಷ ಏನ್ ಮಾಡಿದೆವಾ, ತಂಗಿ?’
ನಾ ಬಾಯಿ ತೆಗಿಯೂದರಾಗ
ಅವನ ಬೆರಳು ಹೊಡದ ಬಿಟ್ಟಿದ್ದುವು:
‘ಸದರಿ ಅವಧಿಯಲ್ಲಿ ಯಾವುದೇ ಕೋರ್ಸಿಗೆ ಸೇರದೆ
ಮನೆಯಲ್ಲಿಯೇ ಇದ್ದೆನು.’
ಎಲ್ಲಾರಿಗೂ ಅದ ಸಾಲು. ಹೆಸರಷ್ಟ ಬದಲಿ.

ಹೋದ ವರ್ಷ ಪಿಯುಸಿ ಮುಗದಿತ್ತು,
ನೀಟಿನ ಫಾರ್ಮು ನಾ ತುಂಬಿರಲಿಲ್ಲ.
ಹೆದರಿಕಿ ಅಲ್ಲ. ಇನ್ನೊಬ್ಬರ ಬಾಯಾಗ ಕೈ ಹಾಕೂದು
ನನ್ನಿಂದ ಆಗತೈತೋ ಇಲ್ಲೋ
ಒಂದ್ಸಲ ನೋಡಬೇಕಾಗಿತ್ತು, ಅಷ್ಟ.
‘ಹುಲಿಗೆಮ್ಮ ಡ್ರಾಪ್ ಹೊಡದ್ಲಂತ’
ನಳದ ಮುಂದ ಕೊಡದಿಂದ ಕೊಡಕ್ಕ ಮಾತು ತುಂಬಿತು.
ಅವ್ವ ಆಶಾ. ಹೆಗಲಿಗೆ ಲಸಿಕಿ ಡಬ್ಬಿ, ಮೈಮ್ಯಾಲ ಗುಲಾಬಿ ಸೀರಿ.
ಡ್ರಾಪ್ ಅಂದ್ರ ಅಕಿಗೆ ಪೋಲಿಯೋದ ಎರಡು ಹನಿ.
‘ಅದು ಒಳ್ಳೇದ ಅಲ್ಲೇನು?’ ಅಂದ್ಲು.
ಅಪ್ಪ ಏನೂ ಅನಲಿಲ್ಲ.
ಡಿಪೋದಿಂದ ಬಂದು ಕೈಯಾನ ಗ್ರೀಸು ತೊಳಿಯಾಕ
ದಿನಕ್ಕಿಂತ ಬಾಳ ಹೊತ್ತು ತಗೊಂಡ.

ಬಸ್ ಸ್ಟ್ಯಾಂಡಿನ ಎದುರಿಗೆ, ಗೊಬ್ಬರದಂಗಡಿ ಮ್ಯಾಲ,
ಮಹಜಬೀನ್ ಡಾಕ್ಟರ್ ಕ್ಲಿನಿಕ್ಕು. ಹದಿನೇಳು ಮೆಟ್ಲ.
ಕೆಳಗ ಯೂರಿಯಾ, ಮ್ಯಾಲ ಲವಂಗದ ಎಣ್ಣಿ,
ಒಂಬತ್ತನೇ ಮೆಟ್ಲದಾಗ ಎರಡೂ ಕೂಡಿ
ಹೆಸರಿಲ್ಲದ ಒಂದು ವಾಸನಿ.
ಈಗ ನನಗ ಅದ ಕೆಲಸದ ವಾಸನಿ.

ಮೊದಲನೇ ದಿನ ದವಡಿಹಲ್ಲು ಕೀಳೂದು ನೋಡಿ
ನಾನ ಬಿದ್ದೆ.
ಪೇಶಂಟು ಬಾಯಾಗ ಹತ್ತಿ ಕಚಿಗೊಂಡ
ಎದ್ದು ಬಂದು ನನಗ ನೀರು ಕೊಟ್ಟ.
ಮೇಡಂ ಬೈಲಿಲ್ಲ. ‘ನಾಳೆ ಉಂಡು ಬಾ’ ಅಂದ್ರು.

ಚೀಟಿ ಬರದೆ. ಇಕ್ಕಳ ಕುದಿಸಿದೆ.
ಪ್ಲಾಸ್ಟರ್ ಕಲಸೂದು ಕಲಿತೆ. ರೊಟ್ಟಿ ಹಿಟ್ಟಲ್ಲ ಅದು,
ಮಾತಿಗೆ ನಿಂತಿ ಅಂದ್ರ ಬಟ್ಟಲದಾಗ ಕಲ್ಲಾಗತೈತಿ.
ಎಷ್ಟ ಸಲ ಕಲ್ಲಾತು, ಆ ಲೆಕ್ಕ ಮೇಡಂ ಹತ್ರ ಐತಿ.

ಬೋರಿನ ನೀರಿನ ಊರಿಂದ ಒಬ್ಬ ಹುಡುಗ ಬಂದ.
ಹಲ್ಲಿನ ಮ್ಯಾಲ ಕಂದು ಗೆರಿ,
ಚಾ ಸೋಸಿದ ಅರಬಿ ಹಂಗ.
ತಿಕ್ಕಿ ತಿಕ್ಕಿ ವಸಡು ಹರಕೊಂಡಿದ್ದ,
ಇದ್ದಲಿ, ಉಪ್ಪು, ಕಡಿಗೆ ಇಟ್ಟಂಗಿ ಪುಡಿ.
‘ಹೊಲಸಲ್ಲಪಾ ಇದು, ನೀರು ಬರದದ್ದು’ ಅಂದ್ರು ಮೇಡಂ.
ಅವ ನಕ್ಕ, ಅಂಗೈ ಅಡ್ಡ ಹಿಡಕೊಂಡು.
ಆ ಅಂಗೈ ನನಗ ಗೊತ್ತೈತಿ.
ಶಾಲಿ ಗ್ರೂಪ್ ಫೋಟೋದಾಗ ಹುಡುಕ್ರಿ,
ಎರಡನೇ ಸಾಲು, ತುಟಿ ಹೊಲದಾಕಿ ನಾ.

ಸಂತ್ಯಾಗ ಕಾಯಿಪಲ್ಲೆ ಮಾರೋ ಯಮನವ್ವ
ಹಲ್ಲಿನ ಸೆಟ್ಟು ಕಟ್ಟಸಾಕ ಬಂದ್ಲು.
ತಿನ್ನಾಕ ಅಲ್ಲಂತ, ಕೂಗಾಕ:
‘ಸೌತಿಕಾಯಿ ಅಂದ್ರ ಹೌತಿಕಾಯಿ ಆಗತೈತಿ,
ಗಿರಾಕಿ ನಗತಾರ, ಕೊಳ್ಳಂಗಿಲ್ಲ.’
ಮೇಣದ ಅಚ್ಚು ಹಾಕಿ ಕನ್ನಡಿ ಕೊಟ್ವಿ.
ಬಾಳ ಹೊತ್ತು ನೋಡಿದ್ಲು.
‘ಅಯ್ಯ, ಇವು ಮಂದಿ ಹಲ್ಲು’ ಅಂದ್ಲು,
ಆಮ್ಯಾಲ ಮೆಲ್ಲಕ, ಯಾರೂ ಕೇಳಬಾರದಂಗ,
‘ಸೌತಿ’
ಅಂದು ನೋಡಿದ್ಲು.

ರಾತ್ರಿ ಜೀವಶಾಸ್ತ್ರ ಓದತಿದ್ದೆ.
ಪುಸ್ತಕದಾಗ ಮೂವತ್ತೆರಡು ಹಲ್ಲು
ಪರೇಡಿಗೆ ನಿಂತಂಗ ನಿಂತಿದ್ವು.
ಯಾರ ಬಾಯಾಗೂ ಹಂಗ ನಿಂತದ್ದು ನಾ ಕಾಣಲಿಲ್ಲ.

ಈಗ ಫಕೀರಪ್ಪ ಹಾಳಿ ಎಳದು
ಆಕಳಿಸಿದ, ದೊಡ್ಡದಾಗಿ.
‘ಅಣ್ಣಾ, ಕೆಳಗ, ಎಡಕ್ಕ, ಆರನೇ ಹಲ್ಲು
ಹುಳುಕು ಹಿಡದೈತಿ. ನೋವು ಏಳೂದರಾಗ ಬಂದ್ರ
ಉಳಸಬಹುದು.’
ಅವ ಕನ್ನಡಕ ಇಳಿಸಿ
ಮೊದಲನೇ ಸಲ ನನ್ನ ಮುಖ ನೋಡಿದ.
ನಾಲಿಗಿ ತುದಿ ಆ ಹಲ್ಲು ಹುಡಕಾಕ ಹೋಗಿತ್ತು,
ಗಲ್ಲ ಉಬ್ಬಿತ್ತು.

ಇಪ್ಪತ್ತು ರೂಪಾಯಿ ಕಮ್ಮಿ ತಗೊಂಡ.
ಸಾಲು ಮಾತ್ರ ತಿದ್ದಲಿಲ್ಲ.